ಪರದೆಯ ಮೇಲೆ ಮಸುಕಾಗುವ ಅಕ್ಷರಗಳು: ಕಾರಣ ಮತ್ತು ಪರಿಹಾರ

ಅಂಗಡಿ, ಕಾರ್ಖಾನೆಗಳ ಲೆಕ್ಕಪತ್ರಗಳು ಗಣಕಯಂತ್ರಕ್ಕೆ ಏರಿದ ಮೇಲೆ ಗುಮಾಸ್ತರ ದೃಷ್ಟಿ ದಿನವಿಡೀ ಪರದೆಯ ಮೇಲೆಯೇ ನೆಟ್ಟಿರುತ್ತದೆ. ಅಲ್ಲಿ ಅಕ್ಷರಗಳು ಮಸುಕಾಗಿ ಕಂಡರೆ ಕಣ್ಣಿನ ದೋಷವೆಂದೋ ಯಂತ್ರ ಹಳತಾಯಿತೆಂದೋ ಸುಮ್ಮನಾಗುವವರೇ ಹೆಚ್ಚು. ಆದರೆ ಇದು ಕಾಸಿನ ವಿಷಯವೂ ಹೌದು. ಜಿಎಸ್‌ಟಿ ಗುರುತು ಸಂಖ್ಯೆಯ 15 ಸ್ಥಾನಗಳಲ್ಲಿ ಕೊನೆಯದು ತಾಳೆ ನೋಡುವುದಕ್ಕೆಂದೇ ಇರುವುದರಿಂದ, ಅಲ್ಲಿ ಅಂಕಿಯೊಂದು ತಪ್ಪಿದರೆ ತಂತ್ರಾಂಶವೇ ಹಿಡಿದೀತು. ದರಕ್ಕೂ ತೂಕಕ್ಕೂ ಅಂಥ ಕಾವಲಿಲ್ಲ. ಕಿಲೋಗೆ 38 ರೂಪಾಯಿ ಎಂಬುದನ್ನು 33 ಎಂದು ಓದಿ ಬಿಲ್ಲು ಮಾಡಿದರೆ 500 ಕಿಲೋ ಸರಕಿನ ಮೇಲೆ 2,500 ರೂಪಾಯಿ ಹೋಯಿತು.

ಮೊದಲು ದೋಷ ಎಲ್ಲಿದೆಯೆಂದು ತಿಳಿಯಬೇಕು. ಅದೇ ಬಿಲ್ಲನ್ನು ಮುದ್ರಿಸಿ ನೋಡುವುದು ಸುಲಭ ಪರೀಕ್ಷೆ. ಕಾಗದದ ಮೇಲೆ ಅಕ್ಷರ ಸ್ಫುಟವಾಗಿದ್ದರೆ ಕಡತ ಸರಿಯಾಗಿದೆ, ದೋಷವಿರುವುದು ಪರದೆಯಲ್ಲಿ ಅಥವಾ ಅದರ ಹೊಂದಾಣಿಕೆಯಲ್ಲಿ.

ಹಿಂದಿನ ಕೊಳವೆ ಮಾನಿಟರುಗಳಲ್ಲಿ ಅಕ್ಷರ ದೊಡ್ಡದಾಗಿ ಕಾಣಲೆಂದು ರೆಸಲ್ಯೂಷನ್ ತಗ್ಗಿಸುವ ರೂಢಿಯಿತ್ತು. ಆಗ ಅದರಿಂದ ಹೆಚ್ಚಿನ ಹಾನಿಯಿರಲಿಲ್ಲ. ಈಗಿನ ಚಪ್ಪಟೆ ಪರದೆಯಲ್ಲಿ ಚುಕ್ಕೆಗಳ ಸಂಖ್ಯೆ ತಯಾರಿಕೆಯಲ್ಲಿಯೇ ನಿಶ್ಚಿತವಾಗಿರುತ್ತದೆ. 1920×1080 ಚುಕ್ಕೆಗಳ ಪರದೆಯನ್ನು 1366×768ಕ್ಕೆ ಇಳಿಸಿದರೆ ಚಿತ್ರದ ಒಂದು ಚುಕ್ಕೆಯು ಪರದೆಯ ಸುಮಾರು 1.4 ಚುಕ್ಕೆಗಳ ಮೇಲೆ ಹರಡಬೇಕಾಗುತ್ತದೆ. ಚುಕ್ಕೆಯನ್ನು ಒಡೆಯಲಾಗದು, ಪರಿಣಾಮವೇ ಮಸುಕು. ಆದ್ದರಿಂದ ವಿಂಡೋಸ್ 10 ಮತ್ತು 11ರಲ್ಲಿ ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ ಎಂಬ ಕ್ರಮದಲ್ಲಿ ಹೋಗಿ, ರೆಸಲ್ಯೂಷನ್ ಪಟ್ಟಿಯಲ್ಲಿ ಶಿಫಾರಸು ಮಾಡಿದ್ದೆಂದು ಗುರುತಿಸಿರುವುದನ್ನೇ ಆರಿಸತಕ್ಕದ್ದು. ಅಕ್ಷರ ದೊಡ್ಡದಾಗಬೇಕಿದ್ದರೆ ಅದೇ ಪುಟದ ಸ್ಕೇಲ್ ಎಂಬಲ್ಲಿ 125 ಅಥವಾ 150 ಪ್ರತಿಶತ ಇಟ್ಟುಕೊಳ್ಳಬಹುದು. ಹಳೆಯ ವಿಜಿಎ ಕೇಬಲ್ ಬಳಸುತ್ತಿರುವವರು ಸಾಧ್ಯವಾದರೆ ಎಚ್‌ಡಿಎಂಐ ಕೇಬಲಿಗೆ ಬದಲಾಯಿಸುವುದು ಲೇಸು.

ಸ್ಕೇಲ್ ಹೆಚ್ಚಿಸಿದ ಮೇಲೆ ಇನ್ನೊಂದು ತೊಡಕು ತಲೆದೋರುವುದುಂಟು. ಉಳಿದೆಲ್ಲವೂ ಸ್ಫುಟವಾಗಿ, ಹಳೆಯ ಲೆಕ್ಕದ ತಂತ್ರಾಂಶವೊಂದು ಮಾತ್ರ ಮಂಜು ಕವಿದಂತೆ ಕಾಣುತ್ತದೆ. ಅಂಥ ತಂತ್ರಾಂಶಗಳು ಅಂಗುಲಕ್ಕೆ 96 ಚುಕ್ಕೆಗಳೆಂಬ ಲೆಕ್ಕದಲ್ಲಿಯೇ ಚಿತ್ರ ಬರೆಯುತ್ತವೆ. ವಿಂಡೋಸ್ ಆ ಚಿತ್ರವನ್ನು ಛಾಯಾಚಿತ್ರ ಹಿಗ್ಗಿಸಿದಂತೆ ಹಿಗ್ಗಿಸುತ್ತದೆ. ಇದಕ್ಕೆ ಆ ತಂತ್ರಾಂಶದ ಗುರುತಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ಪುಟ ತೆರೆದು, ಹೈ ಡಿಪಿಐ ಹೊಂದಾಣಿಕೆಯನ್ನು 'ಅಪ್ಲಿಕೇಷನ್' ಎಂದು ಬದಲಿಸಬೇಕು. ಅಕ್ಷರ ತಿಳಿಯಾಗುತ್ತದೆ, ಆದರೆ ಚಿಕ್ಕದಾಗುತ್ತದೆ. ಎರಡರಲ್ಲಿ ಯಾವುದು ಮೇಲೆಂದು ಅದರ ಮುಂದೆ ಕೂರುವ ಗುಮಾಸ್ತರನ್ನೇ ಕೇಳುವುದು ಉಚಿತ.

ಇನ್ನು ಕ್ಲಿಯರ್‌ಟೈಪ್. ಮೈಕ್ರೋಸಾಫ್ಟ್ ಸಂಸ್ಥೆ 1998ರಲ್ಲಿ ಪ್ರಕಟಿಸಿ, 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಒದಗಿಸಿದ ತಂತ್ರವಿದು. ಪರದೆಯ ಪ್ರತಿ ಚುಕ್ಕೆಯಲ್ಲಿ ಕೆಂಪು, ಹಸಿರು, ನೀಲಿ ಎಂಬ ಮೂರು ಉದ್ದಪಟ್ಟಿಗಳಿರುತ್ತವೆ. ಇವನ್ನು ಬೇರೆ ಬೇರೆಯಾಗಿ ಬೆಳಗಿಸಿ ಅಕ್ಷರದ ಅಂಚನ್ನು ನಯಗೊಳಿಸಲಾಗುತ್ತದೆ. ಪರದೆಯನ್ನು ಲಂಬವಾಗಿ ತಿರುಗಿಸಿ ಇಟ್ಟಿದ್ದರೆ ಪಟ್ಟಿಗಳ ದಿಕ್ಕೇ ಬದಲಾಗುವುದರಿಂದ ಅಕ್ಷರದ ಸುತ್ತ ಬಣ್ಣದ ಅಂಚು ಕಾಣಬಹುದು. ಸ್ಟಾರ್ಟ್ ಪಟ್ಟಿಯ ಹುಡುಕುವ ಜಾಗದಲ್ಲಿ ಇಂಗ್ಲಿಷಿನಲ್ಲಿ ಕ್ಲಿಯರ್‌ಟೈಪ್ ಎಂದು ಬೆರಳಚ್ಚಿಸಿದರೆ ಹೊಂದಾಣಿಕೆಯ ಸಾಧನ ತೆರೆದು, ಕೆಲವು ಮಾದರಿಗಳನ್ನು ತೋರಿಸಿ ಸ್ಪಷ್ಟವಾದುದನ್ನು ಆರಿಸಲು ಹೇಳುತ್ತದೆ. ಎರಡು ಮಾನಿಟರುಗಳಿದ್ದರೆ ಎರಡಕ್ಕೂ ಪ್ರತ್ಯೇಕವಾಗಿ ಮಾಡಬೇಕು.

ಕಛೇರಿಯ ಸರ್ವರಿಗೆ ಮನೆಯಿಂದಲೋ ಗೋದಾಮಿನಿಂದಲೋ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಸಂಪರ್ಕಿಸುವವರು ಇಷ್ಟೆಲ್ಲ ಮಾಡಿಯೂ ಒರಟು ಅಕ್ಷರಗಳನ್ನೇ ಕಾಣಬಹುದು. ಸಂಪರ್ಕದ ಕಿಟಕಿಯ 'ಎಕ್ಸ್‌ಪೀರಿಯನ್ಸ್' ಪುಟದಲ್ಲಿ ಫಾಂಟ್ ಸ್ಮೂದಿಂಗ್ ಎಂಬುದಕ್ಕೆ ಗುರುತು ಹಾಕಿದೆಯೇ ಎಂದು ನೋಡಬೇಕು.

ಕನ್ನಡದಲ್ಲಿ ವ್ಯವಹರಿಸುವವರಿಗೆ ಇನ್ನೂ ಒಂದು ಕಷ್ಟವಿದೆ. ಹಳೆಯ ತಂತ್ರಾಂಶಗಳಲ್ಲಿ ಕ್ಲಿಯರ್‌ಟೈಪ್ ಅಕ್ಷರವನ್ನು ಅಡ್ಡಡ್ಡಲಾಗಿ ಮಾತ್ರ ನಯಗೊಳಿಸುತ್ತದೆ, ಮೇಲೆ ಕೆಳಗೆ ಅಲ್ಲ. ನೇರ ಗೆರೆಗಳೇ ಹೆಚ್ಚಿರುವ ಇಂಗ್ಲಿಷಿಗೆ ಇದು ಸಾಕು. ದುಂಡು ದುಂಡಾದ ಕನ್ನಡ ಅಕ್ಷರದ ಬಾಗುಗಳು ಮೆಟ್ಟಿಲು ಕಡಿದಂತೆ ಕಾಣುತ್ತವೆ, ಕೆಳಗಿನ ಒತ್ತಕ್ಷರಗಳು ಕಲಸಿಹೋಗುತ್ತವೆ. 2009ರ ವಿಂಡೋಸ್ 7ರೊಂದಿಗೆ ಬಂದ ಡೈರೆಕ್ಟ್‌ರೈಟ್ ಈ ಕೊರತೆಯನ್ನು ನೀಗಿದರೂ, ಅದನ್ನು ಬಳಸಿಕೊಳ್ಳುವ ತಂತ್ರಾಂಶಗಳಲ್ಲಿ ಮಾತ್ರ ಪ್ರಯೋಜನ. ಉಳಿದೆಡೆ ಅಕ್ಷರದ ಗಾತ್ರವನ್ನು ಒಂದೆರಡು ಅಂಶ ಹೆಚ್ಚಿಸುವುದೇ ದಾರಿ.

ಒಂದೇ ಪತ್ರದಲ್ಲಿ ಅಕ್ಷರಗಳು ಒಂದೊಂದು ಕಡೆ ಒಂದೊಂದು ರೂಪದಲ್ಲಿ ಕಾಣುವುದಕ್ಕೆ ಕಾರಣವೇ ಬೇರೆ. ಬೇಕಾದ ಫಾಂಟು ಇಲ್ಲದಿದ್ದಾಗ ವಿಂಡೋಸ್ ತನ್ನಲ್ಲಿರುವ ಮತ್ತೊಂದನ್ನು ತಂದು ಕೂರಿಸುತ್ತದೆ. ಎಕ್ಸ್‌ಪಿಯೊಂದಿಗೆ ಬಂದ ತುಂಗಾ ಫಾಂಟಿನಲ್ಲಿ ಸಿದ್ಧವಾದ ಪತ್ರ, 2012ರ ವಿಂಡೋಸ್ 8ರಿಂದ ಜೊತೆಗಿರುವ ನಿರ್ಮಲಾ ಫಾಂಟಿಗೆ ಬದಲಾದರೆ ಸಾಲುಗಳು ಹಿಂದೆಮುಂದಾಗುತ್ತವೆ. ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟುಗಳಲ್ಲಿ ಬರೆದ ದರಪಟ್ಟಿಯಂತೂ, ಆ ಫಾಂಟಿಲ್ಲದ ಗಿರಾಕಿಯ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿಯಾಗಿ ಕಾಣುತ್ತದೆ. ಇದಕ್ಕೆ ಪರದೆಯ ಯಾವ ಹೊಂದಾಣಿಕೆಯೂ ಮದ್ದಲ್ಲ. ಹೊಸ ಪತ್ರಗಳನ್ನು ಯೂನಿಕೋಡಿನಲ್ಲಿಯೇ ಸಿದ್ಧಪಡಿಸಿ, ಹೊರಗೆ ಕಳುಹಿಸುವುದನ್ನು ಫಾಂಟು ಒಳಗೊಂಡ ಪಿಡಿಎಫ್ ಆಗಿ ಉಳಿಸಿ, ಆ ಫಾಂಟು ಇಲ್ಲದ ಬೇರೊಂದು ಯಂತ್ರದಲ್ಲಿ ಒಮ್ಮೆ ತೆರೆದು ನೋಡಿದ ನಂತರವೇ ಗಿರಾಕಿಗೆ ರವಾನಿಸತಕ್ಕದ್ದು.