ಹಿಂದಿನ ಬ್ರೇಕಿನ ಪಿಸ್ಟನ್ ಒತ್ತಬೇಡಿ, ತಿರುಗಿಸಿ

ಕಾರಿನ ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿ ಕೈ ಪಳಗಿದವರು ಅದೇ ಹುರುಪಿನಲ್ಲಿ ಹಿಂದಿನ ಚಕ್ರಕ್ಕೂ ಕೈ ಹಾಕುತ್ತಾರೆ. ಸ್ಪ್ಯಾನರ್ ಅದೇ, ಬಿಚ್ಚುವ ಕ್ರಮವೂ ಹೆಚ್ಚುಕಡಿಮೆ ಅದೇ. ಆದರೆ ಬಹಳಷ್ಟು ಕಾರುಗಳಲ್ಲಿ ಹಿಂದಿನ ಕ್ಯಾಲಿಪರ್‌ಗೆ ಹ್ಯಾಂಡ್ ಬ್ರೇಕ್ ಹಿಡಿಯುವ ಕೆಲಸವೂ ಇರುತ್ತದೆ. ಅದನ್ನು ಮರೆತು ಸಿ ಕ್ಲ್ಯಾಂಪ್ ಹಾಕಿ ಪಿಸ್ಟನ್ ಒತ್ತಿ, ಕ್ಯಾಲಿಪರನ್ನೇ ಕೆಡಿಸಿಕೊಂಡವರನ್ನು ಮತ್ತೆ ಮತ್ತೆ ನೋಡುತ್ತಿದ್ದೇನೆ. ಮೆಕ್ಯಾನಿಕ್ ಕೂಲಿ ಉಳಿಸಲು ಹೋಗಿ ಹೊಸ ಕ್ಯಾಲಿಪರ್ ಕೊಳ್ಳುವಂತೆ ಆಗಬಾರದು.

ಆಲ್ಟೊ, ವ್ಯಾಗನ್‌ಆರ್‌ನಂಥ ಕಾರುಗಳ ಹಿಂದೆ ಇರುವುದು ಡ್ರಮ್. ಆ ಕೆಲಸವೇ ಬೇರೆ, ಈ ಲೇಖನ ಅದಕ್ಕಲ್ಲ. ಡಿಸ್ಕ್ ಇದ್ದರೆ ಪ್ಯಾಡಿನ ಕಬ್ಬಿಣದ ತಟ್ಟೆ ಬಿಟ್ಟು ಉಜ್ಜುವ ಭಾಗವೆಷ್ಟು ಉಳಿದಿದೆ ನೋಡಿ. 3 ಮಿ.ಮೀ.ಗೆ ಇಳಿದಿದ್ದರೆ ಬದಲಿಸಿ. ಹೊರಗಿನ ಪ್ಯಾಡ್ ನೋಡಿ ಸಮಾಧಾನ ಪಡಬೇಡಿ, ಒಳಗಿನದು ಮೊದಲೇ ಸವೆದಿರುವುದುಂಟು. ಡಿಸ್ಕ್ ಎಷ್ಟು ತೆಳುವಾಗಬಹುದು ಎಂಬ ಅಂಕಿ ಸಾಮಾನ್ಯವಾಗಿ ಅದರ ಮೇಲೆಯೇ ಅಚ್ಚಾಗಿರುತ್ತದೆ. ಅದಕ್ಕಿಂತ ತೆಳುವಾಗಿದ್ದರೆ ಅಥವಾ ಉಗುರಿಗೆ ಸಿಗುವಷ್ಟು ಆಳದ ಗೆರೆ ಬಿದ್ದಿದ್ದರೆ ಅದನ್ನೂ ತೆಗೆಯಿರಿ. ಕರಾವಳಿ, ಮಲೆನಾಡಿನ ಮಳೆಯಲ್ಲಿ ನಿಂತ ಕಾರಿನ ಡಿಸ್ಕ್ ಮೇಲೆ ಕೂತ ತೆಳು ತುಕ್ಕು ನಾಲ್ಕು ಸಲ ಬ್ರೇಕ್ ಒತ್ತಿದರೆ ಹೋಗುತ್ತದೆ. ಅಂಚಿನಲ್ಲಿ ಪದರ ಏಳುತ್ತಿರುವ ತುಕ್ಕು ಹೋಗುವುದಿಲ್ಲ. ಹಿಂದಿನ ಬ್ರೇಕಿನ ಮೇಲೆ ಹೊರೆ ಕಡಿಮೆಯಾದ್ದರಿಂದ ಅಲ್ಲಿ ತುಕ್ಕು ಉಜ್ಜಿಹೋಗುವುದೂ ನಿಧಾನ.

ಪ್ಯಾಡ್, ಡಿಸ್ಕ್ ಎರಡೂ ಜೋಡಿ ಲೆಕ್ಕ. ಎಡಕ್ಕೆ ಹೊಸದು, ಬಲಕ್ಕೆ ಹಳೆಯದು ಮಾಡಬೇಡಿ. ಬೆಂಗಳೂರಿನವರು ಬಿಡಿಭಾಗಕ್ಕೆ ಜೆ.ಸಿ. ರಸ್ತೆಗೆ ಹೋಗುವಾಗ ಆರ್‌ಸಿಯಲ್ಲಿರುವ ಚಾಸಿಸ್ ನಂಬರ್ ಒಯ್ಯಿರಿ. ಒಂದೇ ಹೆಸರಿನ ಕಾರಿನಲ್ಲೂ ವರ್ಷ, ವೇರಿಯಂಟ್ ಬದಲಾದರೆ ಹಿಂದಿನ ಬ್ರೇಕ್ ಬದಲಾಗಿರಬಹುದು. ಬಿಲ್ ಕೊಡದವರ ಬಳಿ ಬ್ರೇಕಿನ ಸಾಮಾನು ಕೊಳ್ಳಲೇಬೇಡಿ. ಸೀಟ್ ಕವರ್‌ನಲ್ಲಿ ಚೌಕಾಸಿ ಮಾಡಿ, ಇದರಲ್ಲಿ ಬೇಡ.

ಕಾರು ಎತ್ತುವ ಮುನ್ನ

ನೆಲ ಸಮತಟ್ಟಾಗಿ, ಗಟ್ಟಿಯಾಗಿರಬೇಕು. ಮಣ್ಣಿನ ಅಂಗಳ, ಅಪಾರ್ಟ್‌ಮೆಂಟಿನ ಇಳಿಜಾರು ಎರಡೂ ಬೇಡ. ಕೆಲಸಕ್ಕೆ ಹ್ಯಾಂಡ್ ಬ್ರೇಕ್ ಬಿಟ್ಟಿರಲೇಬೇಕು, ಹಿಂದಿನ ಚಕ್ರಗಳೋ ಗಾಳಿಯಲ್ಲಿರುತ್ತವೆ. ಹಾಗಾಗಿ ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಗಟ್ಟಿಯಾಗಿ ಅಡ್ಡ ಕೊಡಿ, ಗೇರಿನಲ್ಲಿ ಬಿಡಿ. ಚಕ್ರದ ನಟ್ಟುಗಳನ್ನು ಕಾರು ನೆಲದ ಮೇಲಿರುವಾಗಲೇ ಸಡಿಲಿಸಿ. ಕಾರಿನ ಜೊತೆ ಬಂದ ಜಾಕಿ ಸ್ಟೆಪ್ನಿ ಹಾಕಲಿಕ್ಕೆ ಮಾತ್ರ. ಎತ್ತಿದ ಕೂಡಲೇ ಜಾಕ್ ಸ್ಟ್ಯಾಂಡ್ ಮೇಲೆ ಕೂರಿಸಿ. ಸ್ಟ್ಯಾಂಡ್ ಇಲ್ಲದಿದ್ದರೆ ಈ ಕೆಲಸಕ್ಕೆ ಇಳಿಯಬೇಡಿ. ಇಟ್ಟಿಗೆ, ಹಾಲೋ ಬ್ಲಾಕ್ ಇಟ್ಟು ಕಾರಿನಡಿ ತಲೆ ಹಾಕುವವರನ್ನು ಕಂಡರೆ ನನಗೆ ಎದೆ ನಡುಗುತ್ತದೆ. ಅವು ಮುನ್ಸೂಚನೆ ಕೊಡದೆ ಒಡೆಯುತ್ತವೆ.

ಬಾನೆಟ್ ತೆಗೆದು ಬ್ರೇಕ್ ಆಯಿಲ್ ಡಬ್ಬಿ ನೋಡಿ. ಪಿಸ್ಟನ್ ಒಳಗೆ ಹೋದಾಗ ಆಯಿಲ್ ಮೇಲೇರುತ್ತದೆ. ಮ್ಯಾಕ್ಸ್ ಗೆರೆಯ ಹತ್ತಿರವಿದ್ದರೆ ಹೊಸ ಸಿರಿಂಜಿನಲ್ಲಿ ಸ್ವಲ್ಪ ಎಳೆದು ತೆಗೆಯಿರಿ. ಪೇಂಟ್ ಮೇಲೆ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಅದು ಬಣ್ಣ ಕಿತ್ತು ಹಾಕುತ್ತದೆ.

ಒಂದು ಬದಿ ಪೂರ್ತಿ ಮುಗಿಸಿ ಇನ್ನೊಂದನ್ನು ಬಿಚ್ಚಿ. ಕ್ಲಿಪ್ ಹೇಗೆ ಕೂತಿತ್ತು ಎಂಬ ಅನುಮಾನ ಬಂದರೆ ಬಿಚ್ಚದ ಬದಿ ಉತ್ತರ ಹೇಳುತ್ತದೆ. ಗೈಡ್ ಪಿನ್ ಬೋಲ್ಟ್ ತೆಗೆದು ಕ್ಯಾಲಿಪರ್ ಎತ್ತಿ, ಸಸ್ಪೆನ್ಷನ್ ಸ್ಪ್ರಿಂಗಿಗೆ ತಂತಿಯಿಂದ ಕಟ್ಟಿ. ರಬ್ಬರ್ ಪೈಪಿನಲ್ಲಿ ಜೋತುಬಿಡಬೇಡಿ. ಬ್ರೇಕಿನ ಧೂಳನ್ನು ಊದಬೇಡಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ.

ಪಿಸ್ಟನ್

ಕ್ಯಾಲಿಪರಿನ ಬೆನ್ನು ನೋಡಿ. ಅಲ್ಲೊಂದು ಸಣ್ಣ ಲಿವರ್, ಸ್ಪ್ರಿಂಗ್, ಅದಕ್ಕೆ ಸಿಕ್ಕಿಸಿದ ಹ್ಯಾಂಡ್ ಬ್ರೇಕ್ ಕೇಬಲ್ ಇದ್ದರೆ ನಿಮ್ಮದು ತಿರುಗಿಸುವ ಪಿಸ್ಟನ್. ವೈರ್ ಹೋಗಿರುವ ಪುಟ್ಟ ಮೋಟಾರು ಅಂಟಿಕೊಂಡಿದ್ದರೆ ಅದು ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್. ಅದನ್ನು ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಬಹುತೇಕ ಕಾರುಗಳಲ್ಲಿ ಇದಕ್ಕೆ ಸ್ಕ್ಯಾನರ್ ಬೇಕಾಗುತ್ತದೆ. ಮೋಟಾರಿಗೆ ನೇರವಾಗಿ ಬ್ಯಾಟರಿ ಮುಟ್ಟಿಸುವ ಉಪಾಯ ಯಾರೇ ಹೇಳಿದರೂ ಕೇಳಬೇಡಿ. ಲಿವರ್, ಮೋಟಾರು ಎರಡೂ ಇಲ್ಲವೆಂದರೆ ಹ್ಯಾಂಡ್ ಬ್ರೇಕಿನ ಶೂಗಳು ಡಿಸ್ಕಿನ ನಡುವಿನ ಗುಂಡಿಯೊಳಗಿರುತ್ತವೆ. ಅಂಥಲ್ಲಿ ಪಿಸ್ಟನ್ ನೇರ ಒತ್ತಬಹುದು.

ತಿರುಗಿಸುವ ಪಿಸ್ಟನ್ ಒಳಗೆ ಮರೆ (ಥ್ರೆಡ್) ಇರುವ ದಂಡ, ಅದರ ಮೇಲೊಂದು ನಟ್ಟು ಇರುತ್ತವೆ. ಪ್ಯಾಡ್ ಸವೆದಂತೆಲ್ಲ ನಟ್ಟು ತಾನಾಗಿ ಮುಂದೆ ಸರಿದು ಹ್ಯಾಂಡ್ ಬ್ರೇಕಿನ ಎಳೆತ ಹೆಚ್ಚದಂತೆ ಕಾಯುತ್ತದೆ. ಮುಂದೆ ಸರಿದ ನಟ್ಟು ಹಿಂದೆ ಬರಬೇಕಾದರೆ ಮರೆಯ ಮೇಲೆ ಸುತ್ತಿಯೇ ಬರಬೇಕು. ಕ್ಲ್ಯಾಂಪ್ ಹಾಕಿ ಒತ್ತಿದರೆ ಬಲವೆಲ್ಲ ಆ ಮರೆಯ ಮೇಲೆ ಬೀಳುತ್ತದೆ. ಆಮೇಲೆ ಹ್ಯಾಂಡ್ ಬ್ರೇಕ್ ಹಿಡಿಯದೆ ಹೋಗಬಹುದು, ಇಲ್ಲವೇ ಹಿಡಿದದ್ದು ಬಿಡದೆ ಡಿಸ್ಕ್ ಕಾಯುತ್ತ ಹೋಗಬಹುದು.

ಪಿಸ್ಟನ್ ಮುಖದ ಮೇಲೆ ಅಡ್ಡ ಸೀಳೋ ಸಣ್ಣ ತೂತುಗಳೋ ಕಾಣುತ್ತವೆ. ಅದಕ್ಕೆ ಕೂರುವ ತಿರುಗಿಸುವ ಸೆಟ್ ಬೆಂಗಳೂರಿನ ಎಸ್.ಜೆ.ಪಿ. ರಸ್ತೆಯ ಟೂಲ್ ಅಂಗಡಿಗಳಲ್ಲಿ ಕೇಳಿ, ಆನ್‌ಲೈನಿನಲ್ಲೂ ಸಿಗುತ್ತದೆ. ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ತಿರುಗಿಸಲು ಹೋದವರು ರಬ್ಬರ್ ಬೂಟ್ ಹರಿದುಕೊಂಡಿದ್ದಾರೆ. ಹರಿದ ಬೂಟಿನಿಂದ ನೀರು, ಕೆಸರು ಒಳಹೋಗಿ ಪಿಸ್ಟನ್ ಸಿಕ್ಕಿಕೊಳ್ಳಲು ಒಂದು ಮಳೆಗಾಲ ಸಾಕು. ಹೆಚ್ಚಿನ ಕಾರುಗಳಲ್ಲಿ ಬಲಕ್ಕೆ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಬೇಕು. ಕೆಲವದರಲ್ಲಿ ಒಂದು ಬದಿಯದು ಎಡಕ್ಕೆ ತಿರುಗುತ್ತದೆ. ಬಲಕ್ಕೆ ತಿರುಗಿಸಿದಂತೆ ಪಿಸ್ಟನ್ ಹೊರಗೇ ಬರುತ್ತಿದ್ದರೆ ಅಲ್ಲಿಗೇ ನಿಲ್ಲಿಸಿ, ದಿಕ್ಕು ಬದಲಿಸಿ. ಇನ್ನು ಕೆಲವದರಲ್ಲಿ ಹಗುರವಾಗಿ ಒತ್ತುತ್ತಲೇ ತಿರುಗಿಸಬೇಕು, ಇಲ್ಲವಾದರೆ ಇದ್ದಲ್ಲೇ ಸುತ್ತುತ್ತಿರುತ್ತದೆ. ಎರಡು ಸುತ್ತಿಗೊಮ್ಮೆ ರಬ್ಬರ್ ಬೂಟ್ ಮುರುಚಿಕೊಂಡಿದೆಯೇ ನೋಡಿ, ಮುರುಚಿದ್ದರೆ ಬಿಡಿಸಿ. ಗಟ್ಟಿಯಾಗಿ ಕಚ್ಚಿ ತಿರುಗದ ಪಿಸ್ಟನ್ ಜೊತೆ ಗುದ್ದಾಡಬೇಡಿ, ಅಂಥ ಕ್ಯಾಲಿಪರ್ ಮೆಕ್ಯಾನಿಕ್ ಕೈಗೆ ಹೋಗಲಿ.

ಪೂರ್ತಿ ಒಳಹೋದ ಮೇಲೆ ಇನ್ನೊಂದು ಕೆಲಸವಿದೆ, ಹೆಚ್ಚಿನವರು ಬಿಡುವುದು ಇದನ್ನೇ. ಹಲವು ಕಾರುಗಳ ಒಳಗಿನ ಪ್ಯಾಡ್ ಬೆನ್ನಿಗೆ ಸಣ್ಣ ಮೊಳೆಯಂಥ ಉಬ್ಬು ಇರುತ್ತದೆ. ಅದು ಪಿಸ್ಟನ್ನಿನ ಸೀಳಿನೊಳಗೆ ಕೂರಬೇಕು. ಸೀಳನ್ನು ಅದಕ್ಕೆ ಸರಿಹೊಂದುವಂತೆ ತಿರುಗಿಸಿ ನಿಲ್ಲಿಸಿ. ಉಬ್ಬು ಸೀಳಿನ ಹೊರಗೆ ಕೂತರೆ ಪ್ಯಾಡ್ ಓರೆಯಾಗಿ ನಿಂತು ಒಂದೇ ಕಡೆ ಸವೆಯುತ್ತದೆ.

ಡಿಸ್ಕ್, ಜೋಡಣೆ

ಡಿಸ್ಕ್ ತೆಗೆಯಲು ಕ್ಯಾಲಿಪರ್ ಬ್ರ್ಯಾಕೆಟ್ಟಿನ ಎರಡು ದಪ್ಪ ಬೋಲ್ಟ್, ಡಿಸ್ಕ್ ಹಿಡಿದಿರುವ ಸಣ್ಣ ಸ್ಕ್ರೂ ಬಿಚ್ಚಿ. ಸ್ಕ್ರೂ ತುಕ್ಕು ಹಿಡಿದಿದ್ದರೆ ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಸ್ಪ್ರೇ ಹಾಕಿಟ್ಟಿರಿ. ಹಬ್ಬಿನ ಮುಖವನ್ನು ತಂತಿ ಬ್ರಷ್‌ನಲ್ಲಿ ಉಜ್ಜಿ. ಅಲ್ಲಿ ಉಳಿದ ತುಕ್ಕಿನ ಚೂರು ಹೊಸ ಡಿಸ್ಕನ್ನು ಓರೆಯಾಗಿಸಿ, ಬ್ರೇಕ್ ಒತ್ತಿದಾಗ ಪೆಡಲ್ ಮಿಡಿಯುವಂತೆ ಮಾಡುತ್ತದೆ. ಹೊಸ ಡಿಸ್ಕಿಗೆ ಬಳಿದ ಎಣ್ಣೆಯನ್ನು ಬ್ರೇಕ್ ಕ್ಲೀನರಿನಿಂದ ಒರೆಸಿ. ಗೈಡ್ ಪಿನ್ನಿಗೆ ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ಹಚ್ಚಿ. ಬೇರಿಂಗ್ ಗ್ರೀಸ್ ಹಚ್ಚಿದರೆ ರಬ್ಬರ್ ಉಬ್ಬಿಕೊಳ್ಳುತ್ತದೆ. ಹಳೆಯ ಕ್ಲಿಪ್ ತೆಗೆದು ಬ್ರ್ಯಾಕೆಟ್ಟಿನ ತುಕ್ಕು ಕೆರೆದು ಹೊಸ ಕ್ಲಿಪ್ ಹಾಕಿ. ಪ್ಯಾಡ್ ಬೆರಳಲ್ಲಿ ತಳ್ಳಿದರೆ ಸರಿಯಬೇಕು. ಬೋಲ್ಟುಗಳ ಬಿಗಿ ಎಷ್ಟೆಂಬುದು ನಿಮ್ಮ ಕಾರಿನ ಸರ್ವಿಸ್ ಮ್ಯಾನುಯಲ್‌ನಲ್ಲಿದೆ. ಟಾರ್ಕ್ ರೆಂಚ್ ಬಳಸಿ.

ಕಾರು ಅಲುಗಿಸುವ ಮುನ್ನ ಪೆಡಲ್ ಗಟ್ಟಿಯಾಗುವ ತನಕ ನಿಧಾನವಾಗಿ ಒತ್ತಿ. ಮೊದಲ ಕೆಲವು ಸಲ ಅದು ತಳಕ್ಕೇ ಹೋಗುತ್ತದೆ. ಹ್ಯಾಂಡ್ ಬ್ರೇಕ್ ಎಳೆಯುವುದು ಆಮೇಲೆ. ಅದು ಸಡಿಲವೆನಿಸಿದರೂ ಪೆಡಲ್ ಒತ್ತಿ ಮುಗಿಸದೆ ಕೇಬಲ್ ಬಿಗಿ ಮಾಡಬೇಡಿ. ಹ್ಯಾಂಡ್ ಬ್ರೇಕ್ ಬಿಟ್ಟಾಗ ಕ್ಯಾಲಿಪರಿನ ಲಿವರ್ ತನ್ನ ತಡೆಗೆ ಬಂದು ತಾಗಬೇಕು. ಆಯಿಲ್ ಮಟ್ಟ ನೋಡಿ. ಖಾಲಿ ರಸ್ತೆಯಲ್ಲಿ 50 ಕಿ.ಮೀ. ವೇಗದಿಂದ 10ಕ್ಕೆ ಎಂಟು ಹತ್ತು ಸಲ ಹದವಾಗಿ ಇಳಿಸಿ, ನಡುನಡುವೆ ಡಿಸ್ಕ್ ಆರಲು ಬಿಡಿ, ಪೂರ್ತಿ ನಿಲ್ಲಿಸಬೇಡಿ. ಮನೆಗೆ ಬಂದು ಎರಡೂ ಹಿಂದಿನ ಚಕ್ರಗಳ ಹತ್ತಿರ ಕೈ ತನ್ನಿ, ಮುಟ್ಟಬೇಡಿ. ಒಂದು ಮಾತ್ರ ತೀರಾ ಬಿಸಿಯಾಗಿದ್ದರೆ ಆ ಬದಿಯನ್ನು ಮತ್ತೆ ಬಿಚ್ಚಿ ನೋಡಿ. ಚಕ್ರದ ನಟ್ಟುಗಳ ಬಿಗಿಯನ್ನು 100 ಕಿ.ಮೀ. ಒಳಗೆ ಇನ್ನೊಮ್ಮೆ ನೋಡಿ.