ನಮ್ಮ ನಂತರ ಯಾರು? – ವೃದ್ಧ ಪೋಷಕರ ಚಿಂತೆ ಮತ್ತು ಸಿದ್ಧತೆ

ನಾನು ಕೆಲಸ ಮಾಡುವ ಬ್ಯಾಂಕಿನ ಶಾಖೆಗೆ 74 ವರ್ಷದ ತಾಯಿಯೊಬ್ಬರು ಪ್ರತಿ ತಿಂಗಳ ಮೊದಲ ವಾರದಲ್ಲಿ ಕುಟುಂಬ ಪಿಂಚಣಿಯ ಹಣಕ್ಕಾಗಿ ಬರುತ್ತಾರೆ. ಮೂಲತಃ ಧಾರವಾಡದ ಕಡೆಯವರು. ಜೊತೆಯಲ್ಲಿ 41 ವರ್ಷದ ಮಗ. ಹುಟ್ಟಿನಿಂದಲೇ ಬುದ್ಧಿಮಾಂದ್ಯತೆಯುಳ್ಳ ಆತ ತಾಯಿಯ ಸೆರಗಿನ ಅಂಚನ್ನು ಹಿಡಿದೇ ನಿಂತಿರುತ್ತಾನೆ. ಪಾಸ್‌ಬುಕ್ಕಿನ ಅಂಕಿಗಳನ್ನು ಓದಿ ಹೇಳುವಂತೆ ಆಕೆ ಒಮ್ಮೆ ಕೇಳಿದಾಗ, ಕಣ್ಣಿನ ಪೊರೆ ಎಷ್ಟು ಬಲಿತಿದೆಯೆಂಬುದು ನನಗೆ ಅರಿವಾಯಿತು. ಶಸ್ತ್ರಚಿಕಿತ್ಸೆಯ ಮಾತೆತ್ತಿದೆ. “ಅವತ್ತೊಂದು ದಿನ ಇವನ್ನ ಯಾರು ನೋಡ್ಕೋತಾರ್ರೀ, ಸಾಹೇಬ್ರ?” ಎಂದರು.

ಒಂದು ದಿನಕ್ಕೇ ಉತ್ತರವಿಲ್ಲದ ಪ್ರಶ್ನೆಯಿದು. ಆಕೆಯ ನಂತರದ ದಿನಗಳ ಪಾಡೇನು? ಊರಿನ ತುಂಬಿದ ಮನೆಯಲ್ಲಿ ಚಿಕ್ಕಪ್ಪ, ಅತ್ತೆ, ಅತ್ತಿಗೆಯರು ಹಂಚಿಕೊಳ್ಳುತ್ತಿದ್ದ ಭಾರವನ್ನು ಮಹಾನಗರದ ಎರಡು ಕೋಣೆಗಳ ಮನೆಯಲ್ಲಿ ಒಂದೇ ಜೀವ ಹೊರಬೇಕಾಗಿದೆ. ಈ ಭಾರವನ್ನು ತಕ್ಕ ಕಾಲದಲ್ಲಿ ಹಂಚುವ ಬಗೆಯನ್ನು ಪರಾಮರ್ಶಿಸುವುದೇ ಈ ಲೇಖನದ ಉದ್ದೇಶ.

ಇಬ್ಬರಿಗೂ ಮುಪ್ಪು

ವೈದ್ಯಕೀಯದ ಪ್ರಗತಿಯಿಂದ ಇಂಥ ಮಕ್ಕಳ ಆಯುಸ್ಸು ಹೆಚ್ಚಿರುವುದು ಸಂತೋಷದ ಸಂಗತಿ. ಡೌನ್ ಸಿಂಡ್ರೋಮ್ ಉಳ್ಳವರ ಸರಾಸರಿ ಆಯುಸ್ಸು ಅಮೆರಿಕದಲ್ಲಿ 1980ರ ದಶಕದ ಆರಂಭದಲ್ಲಿ ಸುಮಾರು 25 ವರ್ಷವಿದ್ದುದು ಇಂದು 60ರ ಆಸುಪಾಸಿಗೆ ಬಂದಿದೆ. ಆದರೆ ಅವರಿಗೆ ಮುಪ್ಪು ಬೇಗ ಅಡರುತ್ತದೆ. ಥೈರಾಯ್ಡ್ ದೋಷ, ದೃಷ್ಟಿ ಹಾಗೂ ಶ್ರವಣದ ಕುಂದು ಅವರಲ್ಲಿ ಹೆಚ್ಚು. 40–50ರ ವಯಸ್ಸಿನಲ್ಲೇ ಮರೆವಿನ ರೋಗ ತಲೆದೋರುವುದುಂಟು. ಕಲಿತ ಕೆಲಸವನ್ನು ಮಗ ಮರೆಯತೊಡಗಿದರೆ ಅದನ್ನು ಹಟವೆಂದು ಗದರದೆ ವೈದ್ಯರಿಗೆ ತೋರಿಸಬೇಕು.

ಪೋಷಕರ ಆರೋಗ್ಯವೂ ಅಷ್ಟೇ ಮುಖ್ಯ. ಬೆಳೆದ ದೇಹವನ್ನು ಎತ್ತಿ ಕೂರಿಸುವುದರಿಂದ ಸೊಂಟನೋವು, ನಿದ್ರಾಭಂಗದಿಂದ ರಕ್ತದೊತ್ತಡ, ಮನಸ್ಸಿಗೆ ಖಿನ್ನತೆ – ಇವೆಲ್ಲವನ್ನೂ ಅವರು ಮುಚ್ಚಿಟ್ಟುಕೊಳ್ಳುತ್ತಾರೆ. ತಮ್ಮ ಚಿಕಿತ್ಸೆಯನ್ನು ಮುಂದೂಡುವುದು ತ್ಯಾಗವಲ್ಲ. ಆಧಾರಸ್ತಂಭವೇ ಕುಸಿದರೆ ಮಾಡು ನಿಲ್ಲದು.

ಕಾನೂನಿನ ಪಾಲಕತ್ವ

ಮಗುವಿಗೆ 18 ತುಂಬಿದೊಡನೆ ತಂದೆತಾಯಿಗಳ ಸಹಜ ಪಾಲಕತ್ವ ಕೊನೆಗೊಳ್ಳುತ್ತದೆಂಬುದು ಅನೇಕರಿಗೆ ತಿಳಿಯದು. 1999ರ ರಾಷ್ಟ್ರೀಯ ನ್ಯಾಸ ಕಾಯಿದೆಯು ಆಟಿಸಂ, ಸೆರೆಬ್ರಲ್ ಪಾಲ್ಸಿ, ಬುದ್ಧಿಮಾಂದ್ಯತೆ ಹಾಗೂ ಬಹುವಿಧ ವೈಕಲ್ಯವುಳ್ಳವರಿಗೆ ಕಾನೂನುಬದ್ಧ ಪಾಲಕರನ್ನು ನೇಮಿಸಲು ಅವಕಾಶ ನೀಡಿದೆ. ಜಿಲ್ಲಾಧಿಕಾರಿ, ನೋಂದಾಯಿತ ಸಂಸ್ಥೆಯ ಪ್ರತಿನಿಧಿ ಹಾಗೂ ವಿಕಲಾಂಗ ವ್ಯಕ್ತಿಯೊಬ್ಬರು ಇರುವ ಸ್ಥಳೀಯ ಸಮಿತಿಗೆ ಅರ್ಜಿ ಸಲ್ಲಿಸಬೇಕು. ತಾವು ಬಯಸಿದ ವ್ಯಕ್ತಿಯನ್ನು ಪಾಲಕರನ್ನಾಗಿ ನೇಮಿಸುವಂತೆ ತಂದೆತಾಯಿಗಳೇ ಕೋರಬಹುದು. ಹಾಗೆ ನೇಮಕಗೊಂಡವರು ಆಸ್ತಿಯ ಪಟ್ಟಿಯನ್ನೂ ವರ್ಷವರ್ಷದ ಲೆಕ್ಕವನ್ನೂ ಒಪ್ಪಿಸಬೇಕು. ಇದು ವಿಕಲಾಂಗರ ಹಣಕ್ಕೆ ಕಾವಲು. ಇದೇ ನ್ಯಾಸದ ‘ನಿರಾಮಯ’ ಯೋಜನೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿಯವರೆಗೆ ಆರೋಗ್ಯ ವಿಮೆಯೂ ಉಂಟು.

ಹಣದ ವ್ಯವಸ್ಥೆ

1. ಠೇವಣಿಗೆ ನಾಮನಿರ್ದೇಶನ ಮಾಡಿದರೆ ಸಾಲದು. ನಾಮನಿರ್ದೇಶಿತರು ಹಣವನ್ನು ವಾರಸುದಾರರ ಪರವಾಗಿ ಪಡೆಯುವವರೇ ಹೊರತು ಅದರ ಒಡೆಯರಲ್ಲ. ಇಬ್ಬರು ಸಾಕ್ಷಿಗಳ ಸಹಿಯಿರುವ ಉಯಿಲು ಅವಶ್ಯ.

2. ಸಹಿ ಮಾಡಲಾರದ ಮಗನ ಹೆಸರಿಗೇ ಎಲ್ಲವನ್ನೂ ಬರೆಯುವ ಬದಲು 1882ರ ಭಾರತೀಯ ನ್ಯಾಸ ಕಾಯಿದೆಯಂತೆ ಖಾಸಗಿ ನ್ಯಾಸವೊಂದನ್ನು ರಚಿಸುವುದು ಲೇಸು. ಹಣದ ಲೆಕ್ಕ ಒಬ್ಬರಲ್ಲಿ, ದಿನನಿತ್ಯದ ಆರೈಕೆ ಮತ್ತೊಬ್ಬರಲ್ಲಿ ಇದ್ದರೆ ದುರುಪಯೋಗದ ಸಂಭವ ಕಡಿಮೆ.

3. ಕೇಂದ್ರ ಸರ್ಕಾರದ ನೌಕರರ ಮಕ್ಕಳು ವೈಕಲ್ಯದಿಂದ ಜೀವನೋಪಾಯ ಗಳಿಸಲಾರದವರಾಗಿದ್ದರೆ, ನಿಯಮಗಳಿಗೊಳಪಟ್ಟು, ತಂದೆತಾಯಿಗಳ ನಂತರ ಜೀವಮಾನದವರೆಗೆ ಕುಟುಂಬ ಪಿಂಚಣಿ ಲಭಿಸುತ್ತದೆ. ವೈದ್ಯಕೀಯ ಪ್ರಮಾಣಪತ್ರದೊಂದಿಗೆ ಮಗನ ಹೆಸರನ್ನು ಪಿಂಚಣಿಯ ಆದೇಶಪತ್ರದಲ್ಲಿ ತಾವು ಬದುಕಿರುವಾಗಲೇ ಸೇರಿಸಬೇಕು. ಮೇಲೆ ಹೇಳಿದ ತಾಯಿಯ ವಿಷಯದಲ್ಲಿ ಇದು ಆಗಿರಲೇ ಇಲ್ಲ.

ಅಗಲಿಕೆಯ ಅಭ್ಯಾಸ

ತಾಯಿಯ ಕೈಯಿಂದಲ್ಲದೆ ಉಣ್ಣದ ಮಗನಿಗೆ, ತಾಯಿ ಹೋದ ದಿನವೇ ಮನೆಯನ್ನೂ ಬಿಡಬೇಕಾಗಿ ಬಂದರೆ ಅದು ಎರಡು ಸಾವುಗಳ ಪೆಟ್ಟು. ಮೊದಲು ಒಂದು ಮಧ್ಯಾಹ್ನ, ಅನಂತರ ಒಂದು ರಾತ್ರಿ, ಮುಂದೆ ಒಂದು ವಾರ ಬೇರೆಯವರೊಡನೆ ಇರುವ ರೂಢಿಯನ್ನು ಮಾಡಿಸಬೇಕು. ಮಾತ್ರೆಗಳ ಹೆಸರು, ಊಟದ ವೇಳೆ, ಹೆದರಿಕೆಗಳು, ಆತನ ಸನ್ನೆಗಳ ಅರ್ಥ – ಇವನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಸೋದರ ಸೋದರಿಯರೊಡನೆ ಮನಬಿಚ್ಚಿ ಮಾತನಾಡಬೇಕು. ಅವರು ನೋಡಿಕೊಂಡಾರೆಂಬ ಊಹೆಯೇ ವ್ಯವಸ್ಥೆಯಾಗದು. ಎಲ್ಲಕ್ಕಿಂತ ಮೊದಲು, ತನಗೆ ಯಾರೊಡನೆ ಇರಲು ಇಷ್ಟವೆಂದು ಆತನನ್ನೇ ಕೇಳಬೇಕು.

ಸಂಘದ ಪಾಲು

ರಾಜ್ಯೋತ್ಸವ, ನಾಟಕಗಳ ಜೊತೆಗೆ ನಮ್ಮ ಸಂಘಗಳು ಇಂಥ ಮನೆಗಳ ಪಟ್ಟಿಯೊಂದನ್ನು ತಯಾರಿಸಲಿ. ತಿಂಗಳಿಗೆ ಒಂದು ಮಧ್ಯಾಹ್ನ ಜೊತೆಗೆ ಕೂರುವವರು, ಅರ್ಜಿ ತುಂಬಿಕೊಡುವ ನಿವೃತ್ತ ನೌಕರರು ನಮ್ಮಲ್ಲಿ ಇಲ್ಲದಿಲ್ಲ.

ಆ ತಾಯಿಯ ಶಸ್ತ್ರಚಿಕಿತ್ಸೆ ಕಳೆದ ಫೆಬ್ರವರಿಯಲ್ಲಿ ನೆರವೇರಿತು. ಅಂದು ನಮ್ಮ ಸಂಘದ ಇಬ್ಬರು ಸದಸ್ಯೆಯರು ಸರದಿಯಂತೆ ಮಗನ ಜೊತೆಗಿದ್ದರು. ಮೂರ್ಛೆಯ ಮಾತ್ರೆಯನ್ನು ಮೊಸರನ್ನದ ತುತ್ತಿನಲ್ಲಿಟ್ಟರೆ ಮಾತ್ರ ನುಂಗುತ್ತಾನೆ, ಕುಕ್ಕರಿನ ಸೀಟಿಗೆ ಅಂಜುತ್ತಾನೆ ಎಂಬುದನ್ನು ತಾಯಿ ಮೊದಲೇ ಬರೆಸಿಕೊಟ್ಟಿದ್ದರು. ಬೆಳಿಗ್ಗೆ ಅತ್ತನಂತೆ, ಮಧ್ಯಾಹ್ನ ಉಂಡು ಮಲಗಿದನಂತೆ. ಮುಂದಿನ ತಿಂಗಳು ಬ್ಯಾಂಕಿಗೆ ಬಂದ ಆಕೆ ಪಾಸ್‌ಬುಕ್ಕನ್ನು ತಾವೇ ಓದಿಕೊಂಡು, ಪಿಂಚಣಿಗೆ ಮಗನ ಹೆಸರು ಸೇರಿಸುವ ಅರ್ಜಿಯನ್ನು ಕೇಳಿದರು.