ಮೀಸಲು ವಿಮಾನದ ದೇವಯ್ಯ

ಸಂಜೆ ಹೊತ್ತು ಸಂಪಿಗೆ ರಸ್ತೆಯಲ್ಲಿ 8ನೇ ಕ್ರಾಸ್ ದಾಟಿ ಒಂದು ಕಿಲೋಮೀಟರ್ ಹೋಗೋಕೆ ನಮ್ಮ ಆಟೋಗೆ ಒಮ್ಮೊಮ್ಮೆ ಇಪ್ಪತ್ತು ನಿಮಿಷ ಹಿಡಿಯುತ್ತೆ. ಗಂಟೆಗೆ 1,000 ಕಿ.ಮೀ. ವೇಗದ ಮಿಸ್ಟೇರ್ ಯುದ್ಧವಿಮಾನಕ್ಕೆ ಅಷ್ಟು ದೂರ 3.6 ಸೆಕೆಂಡಿನ ಮಾತು. ವಾಯುಯುದ್ಧದಲ್ಲಿ ಯೋಚನೆ ಮಾಡೋಕೆ ಸಿಗುವ ಸಮಯವೂ ಹೆಚ್ಚುಕಮ್ಮಿ ಅಷ್ಟೇ.

ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ ಕೊಡಗಿನವರು. 1932ರಲ್ಲಿ ಹುಟ್ಟಿ 1954ರಲ್ಲಿ ವಾಯುಪಡೆ ಸೇರಿದರು. ಹೊಸಬರಿಗೆ ಹಾರಾಟ ಕಲಿಸುವ ಮೇಷ್ಟ್ರೂ ಆಗಿದ್ದರು. 1965ರ ಸೆಪ್ಟೆಂಬರ್ 7ರ ಬೆಳಗಿನ ಜಾವ ಆದಂಪುರದಿಂದ ಒಂದನೇ ಸ್ಕ್ವಾಡ್ರನ್‌ನ ಮಿಸ್ಟೇರ್‌ಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯತ್ತ ಹೊರಟವು. ದಳಪತಿ ವಿಂಗ್ ಕಮಾಂಡರ್ ಓ.ಪಿ. ತನೇಜಾ. ದೇವಯ್ಯ ಇದ್ದದ್ದು ಮೀಸಲು ವಿಮಾನದಲ್ಲಿ. ಯಾರಾದರೂ ಹಿಂದುಳಿದರೆ ಮಾತ್ರ ಅವರ ಸರದಿ. ಸರದಿ ಬಂತು.

ದಾಳಿ ಮುಗಿಸಿ ಮರಳುವಾಗ ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಅವರ ಎಫ್-104 ಸ್ಟಾರ್‌ಫೈಟರ್ ಎದುರಾಯಿತು. ಅದು ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್‌ಗೆ ನೇರ ಹಾರಾಟದಲ್ಲಿ ಶಬ್ದದ ವೇಗವೂ ಇಲ್ಲ. ಪೇಪರ್ ಮೇಲೆ ಇದು ಪೈಪೋಟಿಯೇ ಅಲ್ಲ.

ಆದರೆ ತಿರುಗುವ ಲೆಕ್ಕ ಬೇರೆ. ತಿರುವಿನ ತ್ರಿಜ್ಯ ವೇಗದ ವರ್ಗದ ಪ್ರಕಾರ ಬೆಳೆಯುತ್ತೆ. 4 ಜಿ ಎಳೆತದಲ್ಲಿ ಸೆಕೆಂಡಿಗೆ 200 ಮೀಟರ್ ವೇಗದ ವಿಮಾನಕ್ಕೆ ಸುಮಾರು 1,050 ಮೀಟರ್ ತ್ರಿಜ್ಯ ಬೇಕು. 300 ಮೀಟರ್ ವೇಗಕ್ಕೆ ಸುಮಾರು 2,370. (ಲ್ಯಾಬ್ ರೆಕಾರ್ಡ್ ಬರೆಯೋ ಬದಲು ಇದನ್ನ ಒಮ್ಮೆ ಮಾಡಿ ನೋಡಿ.) ಹಾಗಾದರೆ ವೇಗ ಇಳಿಸಿದರೆ ಆಯ್ತಲ್ಲ ಅಂದರೆ, ಅಲ್ಲೇ ಇರೋದು ತೊಡಕು. ಸ್ಟಾರ್‌ಫೈಟರ್ ರೆಕ್ಕೆ ಸುಮಾರು 18 ಚದರ ಮೀಟರ್, ಮಿಸ್ಟೇರ್‌ನದು 32. ಪುಟ್ಟ ರೆಕ್ಕೆಗೆ ಕಡಿಮೆ ವೇಗದಲ್ಲಿ ಅಷ್ಟು ಎಳೆತ ಹುಟ್ಟಿಸುವ ಶಕ್ತಿ ಇಲ್ಲ.

ದೇವಯ್ಯನವರ ವಿಮಾನಕ್ಕೆ ಏಟು ಬಿದ್ದಿತ್ತು. ಇಂಧನ ಬಿಗಿ, ಕಾದಾಟಕ್ಕೆ ನಿಂತರೆ ಆದಂಪುರ ಮುಟ್ಟೋದೇ ಅನುಮಾನ. ಆದರೂ ತಿರುಗಿಬಿದ್ದು ಸ್ಟಾರ್‌ಫೈಟರ್‌ಗೆ ಗುಂಡು ಹೊಡೆದರು. ಅಮ್ಜದ್ ಪ್ಯಾರಾಚೂಟ್‌ನಲ್ಲಿ ಇಳಿದು ಬದುಕಿದರು. ದೇವಯ್ಯ ಮರಳಲಿಲ್ಲ. ಜೊತೆಗಾರರು ಮಾತ್ರ ಆ ಬೆನ್ನಟ್ಟುವಿಕೆಯಿಂದ ಪಾರಾದರು. ನಾಯಕತ್ವ ಅಂದರೆ ಸಾಲಿನ ಮುಂದೆ ಹಾರೋದು ಅಂದುಕೊಂಡಿದ್ದ ನಮಗೆ, ಸಾಲಿನ ಕೊನೆಯವರು ತೆಗೆದುಕೊಂಡ ಈ ತೀರ್ಮಾನವೇ ದೊಡ್ಡದಾಗಿ ಕಾಣುತ್ತೆ.

ನಮ್ಮವರಾರೂ ಈ ಕಾದಾಟ ಕಂಡಿರಲಿಲ್ಲ. ದಾಖಲೆಯಲ್ಲಿ ಅವರು ಬರೀ 'ನಾಪತ್ತೆ'. 1979ರಲ್ಲಿ ಇಂಗ್ಲೆಂಡಿನ ಜಾನ್ ಫ್ರಿಕರ್ ಪಾಕಿಸ್ತಾನಿ ವಾಯುಪಡೆಯ ಕಡೆಯಿಂದ ಬರೆದ ಪುಸ್ತಕದಲ್ಲಿ, ಮಿಸ್ಟೇರ್ ಒಂದು ಸ್ಟಾರ್‌ಫೈಟರ್ ಉರುಳಿಸಿದ ವಿಷಯ ಬಂತು. ಆ ಮಿಸ್ಟೇರ್ ಯಾರದು? ಬಾರದೆ ಉಳಿದಿದ್ದವರು ದೇವಯ್ಯ. ತನೇಜಾ ಪ್ರಯತ್ನ ಬಿಡಲಿಲ್ಲ. 1988ರಲ್ಲಿ, 23 ವರ್ಷಗಳ ಮೇಲೆ, ಮರಣೋತ್ತರ ಮಹಾವೀರ ಚಕ್ರ ಬಂತು. ಪತ್ನಿ ಸುಂದರಿ ದೇವಯ್ಯ ಸ್ವೀಕರಿಸಿದರು. ಮಡಿಕೇರಿಯಲ್ಲಿ ಈಗ ಅವರ ಹೆಸರಿನ ವೃತ್ತವಿದೆ. ಟ್ರಿಪ್ಪಿಗೆ ಹೋಗಿ ರಾಜಾಸೀಟ್ ನೋಡಿ ಬರುವ ನಾವು ಎಷ್ಟೋ ಸಲ ಅದನ್ನ ಸುತ್ತಿಕೊಂಡೇ ಹೋಗಿದ್ದೀವಿ, ಬೋರ್ಡ್ ಓದಿರಲಿಲ್ಲ.